ಹಿಂದೋಳಕ್ಕೆ ನುಸುಳುವ ಪಂಚಮ: 1982ರ ಒಂದು ಡಿಸ್ಕೋ ರೆಕಾರ್ಡನ್ನು ಬಿಚ್ಚಿ ನೋಡುವುದು

ಹಿಂದೂಸ್ತಾನಿಯ ಮಾಲ್‌ಕೌಂಸ್ ಅಂದರೆ ನಮ್ಮ ಕರ್ನಾಟಕ ಸಂಗೀತದ ಹಿಂದೋಳ ರಾಗ. ರಿಷಭ ಇಲ್ಲ, ಪಂಚಮವೂ ಇಲ್ಲ. ಹಿಂದೂಸ್ತಾನಿಯವರು ಇದನ್ನು ಹಾಡುವಾಗ ತಂಬೂರಿಯ ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸಿಕೊಳ್ಳುತ್ತಾರೆ, ಇಲ್ಲದ ಸ್ವರ ಹಿಂದೆ ಗುಂಯ್‌ಗುಡಬಾರದಲ್ಲ. ಇಂಥ ರಾಗವನ್ನು ಟಿಬಿ-303 ಎಂಬ ಬೇಸ್ ಯಂತ್ರಕ್ಕೆ ಹಾಕಿ, ರೆಸೊನೆನ್ಸ್ ನಾಬನ್ನು ಮುಕ್ಕಾಲು ತಿರುಗಿಸಿ, ಪಕ್ಕದ ಕಟ್‌ಆಫ್ ನಾಬನ್ನು ನಿಧಾನ ಏರಿಸಿ ನೋಡಿ. ಯಾರೂ ಒತ್ತದ ಪಂಚಮ ಸಿಳ್ಳೆ ಹೊಡೆದುಕೊಂಡು ಹೊರಗೆ ಬರುತ್ತದೆ. ನುಡಿಸುವವರು ತಪ್ಪು ಮಾಡಿಲ್ಲ. ಅದು ಷಡ್ಜದ ಹೊಟ್ಟೆಯಲ್ಲೇ ಕೂತಿತ್ತು.

ಚರಣ್‌ಜಿತ್ ಸಿಂಗ್ ಅವರ ‘ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ಎಂಬ ಎಲ್‌ಪಿಯನ್ನು ಈ ಕಿವಿಯಿಂದ ಕೇಳಿದರೆ ಬೇರೆಯೇ ಆಗಿ ಕೇಳುತ್ತದೆ. ಅದಕ್ಕಾಗಿ ಈ ಬರಹ. ಮುಖ್ಯವಾಗಿ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವರಿಗೆ, ಭಜನಾ ಮಂಡಳಿಯ ಹಾರ್ಮೋನಿಯಂನವರಿಗೆ. ರಾಗ ಗೊತ್ತಿದ್ದೂ ಸಿಂಥ್ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಯಂತ್ರ) ಗೊತ್ತಿಲ್ಲದವರು, ಸಿಂಥ್ ಗೊತ್ತಿದ್ದೂ ರಾಗ ಗೊತ್ತಿಲ್ಲದವರು ನಮ್ಮಲ್ಲಿ ಧಾರಾಳ. ಈ ರೆಕಾರ್ಡು ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸುತ್ತದೆ.

ಹಿನ್ನೆಲೆ ಚುಟುಕಾಗಿ. ಚರಣ್‌ಜಿತ್ ಸಿಂಗ್ ಬಾಂಬೆಯ ಸಿನಿಮಾ ವಾದ್ಯವೃಂದಗಳಲ್ಲಿ ನುಡಿಸುತ್ತಿದ್ದವರು. ಆರ್. ಡಿ. ಬರ್ಮನ್ ಅವರ ಧ್ವನಿಮುದ್ರಣಗಳಲ್ಲೂ ಇದ್ದವರು. 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದರು: ತಾಳಕ್ಕೆ ಟಿಆರ್-808, ಬೇಸಿಗೆ ಟಿಬಿ-303, ಮೇಲಿನ ರಾಗಕ್ಕೆ ಜುಪಿಟರ್-8. ತಬಲಾ ಇಲ್ಲ. ಎಚ್‌ಎಂವಿ ಹೊರತಂದ ಆ ರೆಕಾರ್ಡು ಹೆಚ್ಚು ಮಾರಾಟವಾಗದೆ ಮರೆತುಹೋಯಿತು. ರಾಗದವರಿಗೆ ಅದು ರಾಗವಲ್ಲ, ಡಿಸ್ಕೋದವರಿಗೆ ಡಿಸ್ಕೋ ಅಲ್ಲ. ಎಡೊ ಬೌಮನ್ ಎಂಬ ಡಚ್ ಸಂಗ್ರಾಹಕರ ಕಣ್ಣಿಗೆ ಅದು ದಿಲ್ಲಿಯ ಅಂಗಡಿಯೊಂದರಲ್ಲಿ ಬಿತ್ತು. ಅವರ ಬಾಂಬೆ ಕನೆಕ್ಷನ್ ಸಂಸ್ಥೆ 2010ರಲ್ಲಿ ಮರುಮುದ್ರಿಸಿತು. ಆಗ ಯುರೋಪಿನಲ್ಲಿ ಕೆಲವರು ಇದು ಈಗಿನ ಯಾರೋ ಮಾಡಿದ ತಮಾಷೆ ಅಂದುಕೊಂಡದ್ದೂ ಉಂಟು. ಚರಣ್‌ಜಿತ್ ಇಳಿವಯಸ್ಸಿನಲ್ಲಿ ಹೊರದೇಶಗಳ ವೇದಿಕೆಗಳಲ್ಲಿ ಇದನ್ನೇ ನುಡಿಸಿದರು. 2015ರ ಜುಲೈನಲ್ಲಿ ತೀರಿಕೊಂಡರು.

ಅವರನ್ನು ‘ಆ್ಯಸಿಡ್ ಹೌಸ್ ಪಿತಾಮಹ’ ಎಂದು ಕರೆಯುವ ಚಾಳಿ ಇದೆ. ಆ್ಯಸಿಡ್ ಹೌಸ್ ಅಂದರೆ 303ರ ಸಿಳ್ಳೆಯ ಸುತ್ತ ಕಟ್ಟಿದ ಕುಣಿತದ ಸಂಗೀತ. ನಮಗೆ ಅದು ಒಪ್ಪಿಗೆಯಿಲ್ಲ. ಶಿಕಾಗೊದ ಫ್ಯೂಚರ್ ತಂಡ ಇದೇ 303 ಇಟ್ಟುಕೊಂಡು 1987ರಲ್ಲಿ ಹೊರತಂದ ರೆಕಾರ್ಡಿನಿಂದ ಆ ಶೈಲಿಗೆ ಹೆಸರು ಬಂತು. 303 ತಯಾರಿಕೆ 1984ಕ್ಕೇ ನಿಂತಿದ್ದರಿಂದ ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತಿತ್ತು, ಅಲ್ಲಿನ ಹುಡುಗರು ಕೊಂಡರು. ಇವರದನ್ನು ಅವರು ಕೇಳಿರಲಿಲ್ಲ. ಒಂದೇ ಯಂತ್ರ ಎರಡು ಊರಿನಲ್ಲಿ ಒಂದೇ ರೀತಿ ಕೂಗಿತು, ಅಷ್ಟೆ. ‘ಪಿತಾಮಹ’ ಅಂದುಬಿಟ್ಟರೆ ರೆಕಾರ್ಡಿನೊಳಗಿನ ನಿಜವಾದ ಕೆಲಸ, ಅಂದರೆ ರಾಗದ ಕೆಲಸ, ಯಾರ ಕಿವಿಗೂ ಬೀಳುವುದಿಲ್ಲ.

ಕೇಳುವ ಮೊದಲು ಹೆಸರುಗಳನ್ನು ನಮ್ಮ ಪದ್ಧತಿಗೆ ತಂದುಕೊಳ್ಳಿ. ಮಾಲ್‌ಕೌಂಸ್ ಹಿಂದೋಳ, ಭೂಪಾಲಿ ಮೋಹನ, ಯಮನ್ ಹತ್ತಿರಹತ್ತಿರ ಕಲ್ಯಾಣಿ, ಕಲಾವತಿ ವಲಜಿ, ಬೈರಾಗಿ ರೇವತಿ. ಅವರ ತೋಡಿ ನಮ್ಮ ತೋಡಿಯಲ್ಲ, ಸ್ವರಗಳಲ್ಲಿ ಶುಭಪಂತುವರಾಳಿ. ಇಲ್ಲಿ ಎಡವದವರು ಕಡಿಮೆ. ಮಧುವಂತಿಗೆ ಧರ್ಮವತಿ ಸಮೀಪದ್ದು. ಮೇಘ ಮಲ್ಹಾರ್ ಮಧ್ಯಮಾವತಿಯ ಕಡೆಯದು. ನಮ್ಮ ಕಚೇರಿಯಲ್ಲಿ ಮಂಗಳಕ್ಕೆ ಬರುವ ಛಾಯೆ ಇಲ್ಲಿ ರೆಕಾರ್ಡಿನ ನಟ್ಟನಡುವೆ ಬಂದು ಕೂರುವುದರಿಂದ ಮೊದಲ ಸಲ ಕೇಳುವಾಗ ‘ಮುಗಿಯಿತೇ?’ ಅನ್ನಿಸುತ್ತದೆ. ಲಲಿತ್‌ಗೆ ಮಾತ್ರ ಸರಿಸಮನಾದದ್ದು ನಮ್ಮಲ್ಲಿಲ್ಲ. ಎರಡೂ ಮಧ್ಯಮ, ಪಂಚಮ ಇಲ್ಲ.

ಇನ್ನು ಯಂತ್ರ. 303ಕ್ಕೆ ಒಂದೇ ಕಂಠ, ಒಂದು ಹೊತ್ತಿಗೆ ಒಂದೇ ಸ್ವರ. ಗರಗಸದ ಹಲ್ಲಿನಂತಿರುವ ಗರಗಸದ ಅಲೆ ಅಥವಾ ಚೌಕದ ಸ್ಕ್ವೇರ್ ಅಲೆ, ಎರಡರಲ್ಲೊಂದು. ಆ ಅಲೆ, ಮೇಲಿನ ಕಂಪನಗಳನ್ನು ಕತ್ತರಿಸುವ ಫಿಲ್ಟರ್ ಒಳಗೆ ಹಾದು ಬರುತ್ತದೆ. ಕಟ್‌ಆಫ್ ಅಂದರೆ ಎಲ್ಲಿಗೆ ಕತ್ತರಿಸಬೇಕು ಎಂಬುದು. ರೆಸೊನೆನ್ಸ್ ಅಂದರೆ ಕತ್ತರಿಸುವ ಅಂಚಿನಲ್ಲಿರುವ ಉಪಸ್ವರವನ್ನು ಎಷ್ಟು ಎತ್ತಿ ತೋರಿಸಬೇಕು ಎಂಬುದು. ಉಪಸ್ವರ ಅಂದರೆ ಒಂದು ಸ್ವರದ ಒಳಗೇ ಅದರ ಎರಡು, ಮೂರು, ನಾಲ್ಕು ಪಟ್ಟು ಕಂಪನದಲ್ಲಿ ಸಣ್ಣಗೆ ಅಡಗಿರುವ ಸ್ವರ. ಒಂದು ವಿಷಯ ಮರೆಯಬೇಡಿ: ಈ ಫಿಲ್ಟರ್ ಸ್ವರದ ಹಿಂದೆ ಓಡುವುದಿಲ್ಲ. ನೀವು ಸ ಒತ್ತಿದರೂ ನಿ ಒತ್ತಿದರೂ ಅದರ ಅಂಚು ಇಟ್ಟಲ್ಲೇ ಇರುತ್ತದೆ. ಅಂದರೆ ಅದು ಶ್ರುತಿ ಪೆಟ್ಟಿಗೆಯ ಹಾಗೆ ಒಂದೇ ಕಡೆ ನಿಂತು ಬೆಳಕು ಹಿಡಿಯುವ ದೀಪ.

ಪರೀಕ್ಷೆ ಮಾಡಿ. ಸ ಅನ್ನು ಬಿಳಿ ಒಂದಕ್ಕೆ, ಅಂದರೆ ಮಧ್ಯದ ಸಿ ಮನೆಗಿಂತ ಒಂದು ಸ್ಥಾಯಿ ಕೆಳಗಿನ ಸಿಗೆ ಇಟ್ಟುಕೊಳ್ಳಿ. ಕಂಪನ ಸೆಕೆಂಡಿಗೆ 130.8. ಗರಗಸದ ಅಲೆ ಆರಿಸಿ, ಸ್ವರ ಒತ್ತಿದಾಗಲೆಲ್ಲ ಕಟ್‌ಆಫ್ ಅನ್ನು ತಾನಾಗಿ ಅಲುಗಿಸುವ ಎನ್ವಲಪ್ ಮಾಡ್ಯುಲೇಶನ್ ನಾಬನ್ನು ಪೂರ್ತಿ ಇಳಿಸಿ, ರೆಸೊನೆನ್ಸ್ ಮುಕ್ಕಾಲಿಗೆ ಇಟ್ಟು, ಬರೀ ಸ ಒಂದನ್ನೇ ಓಡಿಸುತ್ತ ಕಟ್‌ಆಫ್ ಅನ್ನು ಕೂದಲೆಳೆಯಷ್ಟೇ ಏರಿಸುತ್ತ ಹೋಗಿ. ಮೆಟ್ಟಿಲು ಹತ್ತಿದ ಹಾಗೆ ಕೇಳುತ್ತದೆ: 392ರಲ್ಲಿ ಪ, 523ರಲ್ಲಿ ಸ, 654ರಲ್ಲಿ ಅಂತರ ಗಾಂಧಾರ, 785ರಲ್ಲಿ ಮತ್ತೆ ಪ, 916ರಲ್ಲಿ ಸ್ವಲ್ಪ ಇಳಿದ ಕೈಶಿಕಿ ನಿಷಾದ, 1047ರಲ್ಲಿ ಸ. ತಂಬೂರಿಯ ಜೀವಾಳದಲ್ಲಿ (ತಂತಿಯ ಕೆಳಗಿಡುವ ನೂಲಿನಿಂದ ಏಳುವ ಝೇಂಕಾರದಲ್ಲಿ) ಕೇಳುವುದೂ ಇವೇ ಉಪಸ್ವರಗಳು. ಅಲ್ಲಿ ಅವು ಮಸುಕಾಗಿ ಹಬ್ಬಿರುತ್ತವೆ, ಆದ್ದರಿಂದ ಶುಭಪಂತುವರಾಳಿ ಹಾಡುವಾಗಲೂ ಆ ಅಂತರ ಗಾಂಧಾರ ಯಾರಿಗೂ ಚುಚ್ಚುವುದಿಲ್ಲ. 303 ಮಾತ್ರ ಅದೊಂದನ್ನೇ ಹಿಡಿದು ಮೈಕಿನ ಮುಂದೆ ನಿಲ್ಲಿಸುತ್ತದೆ. ಪ್ರತಿ ಮೆಟ್ಟಿಲಿಗೂ ನಾಬಿನ ಸುತ್ತ ಪೇಪರ್ ಟೇಪ್ ಅಂಟಿಸಿ ಪೆನ್ಸಿಲಿನಲ್ಲಿ ಸ, ಗ, ಪ ಎಂದು ಗುರುತು ಹಾಕಿಕೊಳ್ಳಿ. ಈ ಹತ್ತು ನಿಮಿಷದ ಕೆಲಸ ಮಾಡದೆ ಮುಂದಕ್ಕೆ ಹೋದರೆ ಉಳಿದದ್ದೆಲ್ಲ ಕುರುಡು ಗುರಿ.

ಈಗ ಹಿಂದೋಳಕ್ಕೆ ಬನ್ನಿ. ದೀಪವನ್ನು 392ರಲ್ಲೋ 785ರಲ್ಲೋ ಇಟ್ಟರೆ ಪಂಚಮ ನುಸುಳುತ್ತದೆ, 654ರಲ್ಲಿಟ್ಟರೆ ಅಂತರ ಗಾಂಧಾರ. ಎರಡೂ ರಾಗಕ್ಕೆ ಹೊರಗಿನವು. ಇಡಬೇಕಾದ ಜಾಗ 523. ಸ್ವರಗಳನ್ನು ಒಂದೊಂದಾಗಿ ಒತ್ತಿ ನೋಡಿ. ಸ ಒತ್ತಿದಾಗ ಅದರ ನಾಲ್ಕನೇ ಉಪಸ್ವರ 523ಕ್ಕೆ ಸರಿಯಾಗಿ ಬೀಳುತ್ತದೆ, ಹೊಳೆಯುತ್ತದೆ. ಮಧ್ಯಮ 174.6, ಅದರ ಮೂರನೇ ಉಪಸ್ವರ 523.8, ಅದೂ ಹೊಳೆಯುತ್ತದೆ. ಸಾಧಾರಣ ಗಾಂಧಾರದ ಉಪಸ್ವರಗಳು 467 ಮತ್ತು 622, ದೀಪದ ಆಚೆಈಚೆ. ಶುದ್ಧ ಧೈವತಕ್ಕೆ 415 ಮತ್ತು 623, ಕೈಶಿಕಿ ನಿಷಾದಕ್ಕೆ 466 ಮತ್ತು 699. ಮೂರೂ ಮಂಕು. ಅಂದರೆ ಐದು ಸ್ವರಗಳಲ್ಲಿ ಯಂತ್ರ ತಾನಾಗಿ ಎತ್ತಿ ತೋರಿಸುವುದು ಮಧ್ಯಮ ಮತ್ತು ಷಡ್ಜ. ಮಾಲ್‌ಕೌಂಸಿನ ವಾದಿ, ಅಂದರೆ ರಾಗದ ಅತಿ ಮುಖ್ಯ ಸ್ವರ, ಮಧ್ಯಮ; ಅದರ ಜೊತೆಗಾರ ಸಂವಾದಿ ಷಡ್ಜ! ನಾಬು ಅಲ್ಲಿಂದ ಒಂದು ನೂಲು ಆಚೆ ಸರಿದರೆ ಆ ನ್ಯಾಯ ತಪ್ಪಿಹೋಗುತ್ತದೆ. ರೆಕಾರ್ಡಿನ ಮಾಲ್‌ಕೌಂಸ್ ಅನ್ನು ಮತ್ತೆ ಹಾಕಿ, ಬೇಸಿನ ಮೇಲೆ ತೇಲುವ ಸಿಳ್ಳೆಯನ್ನಷ್ಟೇ ಹಿಂಬಾಲಿಸಿ. ಅದು ಎಲ್ಲಿ ರಾಗಕ್ಕೆ ಒಳಗೆ, ಎಲ್ಲಿ ಹೊರಗೆ ಎಂಬುದು ಈಗ ಕೇಳಿಸುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ. ಸ್ಕ್ವೇರ್ ಅಲೆ ‘ಸ್ವಚ್ಛ’, ಹಾಗಾಗಿ ಪಂಚಮ ಬರುವುದಿಲ್ಲ ಎಂದು ಹೇಳುವವರಿದ್ದಾರೆ. ತಲೆಕೆಳಗು. ಸ್ಕ್ವೇರ್‌ನಲ್ಲಿ ಉಳಿಯುವುದೇ ಬೆಸ ಉಪಸ್ವರಗಳು: ಮೂರನೆಯ ಪ, ಐದನೆಯ ಗ. ಹೋಗುವುದು ಎರಡು, ನಾಲ್ಕು, ಎಂಟು, ಅಂದರೆ ಸ. ಹಿಂದೋಳಕ್ಕೆ ಗರಗಸದ ಅಲೆಯೇ ಸರಿ.

ಕೈ ಹಚ್ಚುವವರು ಹಿಂದೋಳದಿಂದ ಶುರು ಮಾಡಬೇಡಿ, ಕಲಾವತಿಯಿಂದ ಮಾಡಿ. ನಮ್ಮ ವಲಜಿ, 16ನೇ ಮೇಳ ಚಕ್ರವಾಕದ ಜನ್ಯ: ಸ, ಅಂತರ ಗ, ಪ, ಚತುಃಶ್ರುತಿ ದ, ಕೈಶಿಕಿ ನಿ. ಮೇಲಿನ ಮೆಟ್ಟಿಲುಗಳನ್ನು ಇನ್ನೊಮ್ಮೆ ಓದಿ. ಸ, ಪ, ಗ, ನಿ ಎಲ್ಲವೂ ರಾಗದೊಳಗೇ ಇವೆ. 1047ರವರೆಗೆ ನಾಬು ಎಲ್ಲಿಗೆ ತಿರುಗಿಸಿದರೂ ಷಡ್ಜದಿಂದ ಹೊರಗಿನ ಸ್ವರ ಹುಟ್ಟುವುದಿಲ್ಲ. ಅದರಾಚೆಯ 1177ರಲ್ಲಿ ರಿಷಭ ಬರುತ್ತದೆ, ಅಲ್ಲಿಗೆ ನಿಲ್ಲಿಸಿ.

ಹಳೆಯ 303 ಬೇಕಿಲ್ಲ, ಅದರ ಬೆಲೆ ಈಗ ಮಾತಾಡುವ ಹಾಗಿಲ್ಲ. ಬೆರಿಂಜರ್ ಟಿಡಿ-3 ನಕಲು ಯಂತ್ರ ಸಾಕು, ಅಥವಾ ಕಂಪ್ಯೂಟರಿಗೆ ಓಪನ್303 ಎಂಬ ಉಚಿತ ಸಿಂಥ್. ಆದರೆ ನಕಲು ಯಂತ್ರದ ಹೊಳಪಿಗಿಂತ ಮುಖ್ಯವಾದದ್ದು 16 ಮನೆಯ ಸಾಲು. ಒಂದು ಸಾಲು ಹೀಗಿದೆ, ಗೆರೆ ಅಂದರೆ ಖಾಲಿ ಮನೆ:

ಸ ಸ – ಸ | ಗ ಪ – ಸ | ಪ ದ ನಿ ದ | ಪ – ಗ ಸ

4ನೇ ಮನೆಯ ಸ ಮೇಲಿನ ಸ್ಥಾಯಿಯದು, ಉಳಿದ ಸ ಎಲ್ಲ ಕೆಳಗಿನವು. ಒತ್ತು 4 ಮತ್ತು 11ನೇ ಮನೆಗೆ. ಜಾರು ಮೂರು ಕಡೆ: 5ರ ಗದಿಂದ ಪಕ್ಕೆ, 10ರ ದದಿಂದ ನಿಗೆ, 15ರ ಗದಿಂದ ಸಕ್ಕೆ. ವೇಗ ನಿಮಿಷಕ್ಕೆ 128 ಬೀಟ್. 808ರ ಕಡೆ ಕಿಕ್ (ದೊಡ್ಡ ಡ್ರಮ್ಮಿನ ಪೆಟ್ಟು) 1, 5, 9, 13ರಲ್ಲಿ, ತೆರೆದ ಹೈ-ಹ್ಯಾಟ್ (ಜೋಡಿ ತಟ್ಟೆಯ ಸದ್ದು) 3, 7, 11, 15ರಲ್ಲಿ, ಚಪ್ಪಾಳೆ 5 ಮತ್ತು 13ರಲ್ಲಿ. ತೀನ್‌ತಾಲದವರಿಗೆ 16 ಮಾತ್ರೆ ಹೊಸದಲ್ಲ. ಆದರೆ ಇಲ್ಲಿ ಪೆಟ್ಟಿಲ್ಲದೆ ಬರೀ ಕೈ ಬೀಸುವ ‘ಖಾಲಿ’ ಎಂಬುದೇ ಇಲ್ಲ, ನಾಲ್ಕು ಕಡೆಯೂ ಒಂದೇ ತೂಕದ ಪೆಟ್ಟು. ಬೇಸಿನ ಸಾಲಿನಲ್ಲಿ 3, 7, 14 ಖಾಲಿ ಬಿಟ್ಟಿರುವುದು ಇದಕ್ಕಾಗಿಯೇ. ಉಸಿರು ಅಲ್ಲಾದರೂ ಸಿಗಲಿ.

ಮೂಲ 303ರಲ್ಲಿ, ಅದರ ಕ್ರಮವನ್ನೇ ಹಿಡಿದ ನಕಲುಗಳಲ್ಲಿ, ಸ್ವರ ಬರೆಯುವುದು ಬೇರೆ, ಕಾಲ ಬರೆಯುವುದು ಬೇರೆ. ಹೆಚ್ಚಿನವರು ಸೋಲುವುದು ಇಲ್ಲೇ. ಸ್ವರದ ಪಟ್ಟಿಯಲ್ಲಿ ಖಾಲಿ ಮನೆ ಎಂಬುದಿಲ್ಲ. ಮೇಲಿನ ಸಾಲಿಗೆ 13 ಸ್ವರ ಮಾತ್ರ ಕೊಡಬೇಕು: ಸ ಸ ಸ ಗ ಪ ಸ ಪ ದ ನಿ ದ ಪ ಗ ಸ. ಆಮೇಲೆ ಕಾಲದ ಪಟ್ಟಿಗೆ ಹೋಗಿ 16 ಮನೆಗೂ ಸ್ವರ ಅಥವಾ ಖಾಲಿ ಎಂದು ಹೇಳಬೇಕು. 16 ಸ್ವರ ಕೊಟ್ಟುಬಿಟ್ಟರೆ ಖಾಲಿ ಬಂದಲ್ಲೆಲ್ಲ ಮುಂದಿನವು ಒಂದೊಂದು ಮನೆ ಹಿಂದೆ ಸರಿದು, ವಲಜಿ ಇನ್ನೇನೋ ಆಗುತ್ತದೆ. ಜಾರಿನ ಗುರುತು ಹೊರಡುವ ಸ್ವರಕ್ಕೆ ಹಾಕಬೇಕು, ಮುಟ್ಟುವ ಸ್ವರಕ್ಕಲ್ಲ. ಕಂಪ್ಯೂಟರಿನಲ್ಲಿ ಈ ತಾಪತ್ರಯ ಇಲ್ಲ: ಒಂದು ಸ್ವರದ ಬಾಲ ಮುಂದಿನ ಸ್ವರದ ಮೇಲೆ ಹತ್ತುವಂತೆ ಎಳೆದರೆ ಜಾರು, ವೆಲಾಸಿಟಿ, ಅಂದರೆ ಸ್ವರದ ಪೆಟ್ಟಿನ ಬಲ, 100 ದಾಟಿಸಿದರೆ ಒತ್ತು.

ಈ ಜಾರು ನಮ್ಮ ಜಾರು ಗಮಕವಲ್ಲ, ಹಿಂದೂಸ್ತಾನಿಯವರ ನಿಧಾನ ಜಾರು ಮೀಂಡ್ ಅಂತೂ ಅಲ್ಲವೇ ಅಲ್ಲ. ಅದು ಸುಮಾರು 60 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ, ತಾಳ ನಿಧಾನವಾದರೂ ಅಷ್ಟೇ, ದೂರ ಹೆಚ್ಚಾದರೂ ಅಷ್ಟೇ. 128ರ ವೇಗದಲ್ಲಿ ಒಂದು ಮನೆ 117 ಮಿಲಿಸೆಕೆಂಡು, ಜಾರು ಅರ್ಧ ಮನೆ. ದದಿಂದ ನಿಗೆ ಒಂದೇ ಹೆಜ್ಜೆ, ಅಲ್ಲಿ ಮೀಂಡಿನ ನೆರಳು ಕಾಣುತ್ತದೆ. ಮೇಲಿನ ಸದಿಂದ ಕೆಳಗಿನ ಸಕ್ಕೆ ಜಾರಿಸಿದರೆ ಬೆಕ್ಕಿನ ಬಾಲ ತುಳಿದ ಸದ್ದು. ಶಿಕಾಗೊದವರಿಗೆ ಆ ಸದ್ದೇ ಬೇಕಿತ್ತು, ರಾಗಕ್ಕೆ ಬೇಡ. ಪಕ್ಕದ ಸ್ವರಗಳ ನಡುವೆ ಮಾತ್ರ ಜಾರಿಸಿ.

ಕಿಕ್ಕಿಗೂ ಶ್ರುತಿ ಇದೆ. 808ರ ಕಿಕ್ಕಿನ ಬಾಲ ಸುಮಾರು 50 ಹರ್ಟ್ಜ್ ಆಸುಪಾಸಿನಲ್ಲಿ ಗುಂಯ್‌ಗುಡುತ್ತದೆ, ನಮ್ಮ ಸಿ ಶ್ರುತಿಗೆ ಅದು ಪಂಚಮದ ಹತ್ತಿರ. ವಲಜಿಗೆ ಚೆನ್ನ. ಹಿಂದೋಳಕ್ಕೆ ಮತ್ತೆ ಅದೇ ಕಳ್ಳ ಪಂಚಮ, ಈ ಸಲ ಹಿತ್ತಿಲ ಬಾಗಿಲಿನಿಂದ. ಮೂಲ ಯಂತ್ರದಲ್ಲಿ ಕಿಕ್ಕಿನ ಶ್ರುತಿ ಬದಲಿಸುವ ನಾಬಿಲ್ಲ, ಡಿಕೇ ಕಡಿಮೆ ಮಾಡಿ ಬಾಲ ಕತ್ತರಿಸುವುದೊಂದೇ ದಾರಿ. ಸ್ಯಾಂಪಲ್ (ಮೊದಲೇ ಮುದ್ರಿಸಿಟ್ಟ ಸದ್ದು) ಬಳಸುವವರು 65.4ಕ್ಕೆ, ಅಂದರೆ ಷಡ್ಜಕ್ಕೆ, ಏರಿಸಿಕೊಳ್ಳಬಹುದು.

ಮೇಲಿನ ರಾಗಭಾಗಕ್ಕೆ ಜುಪಿಟರ್-8 ಇಲ್ಲದಿದ್ದರೂ ನಿಮ್ಮ ಆರ್ಕೆಸ್ಟ್ರಾ ಕೀಬೋರ್ಡು ಸಾಕು. ಒಂದು ಎಚ್ಚರ. ಬೇಸಿನ ಸ ಎತ್ತಿ ತೋರಿಸುವ ಗಾಂಧಾರ 654, ಕೀಬೋರ್ಡಿನ ಅದೇ ಗಾಂಧಾರ 659.3. ಎರಡೂ ಒಟ್ಟಿಗೆ ನಿಂತರೆ ಸೆಕೆಂಡಿಗೆ ಐದು ಸಲ ನಡುಗುತ್ತದೆ. ಯಾವುದೂ ಕೆಟ್ಟಿಲ್ಲ, ಹಾರ್ಮೋನಿಯಂ ಮತ್ತು ತಂಬೂರಿಯ ಹಳೆಯ ಜಗಳವೇ ಇದು. ಒಂದೊಂದು ಮನೆಯ ಶ್ರುತಿ ಬದಲಿಸುವ ಸ್ಕೇಲ್ ಟ್ಯೂನ್ ಇದ್ದರೆ ಇ ಮನೆಯನ್ನು 14 ಸೆಂಟ್ (ಪಕ್ಕಪಕ್ಕದ ಎರಡು ಮನೆಗಳ ಅಂತರದ ನೂರರಲ್ಲೊಂದು ಪಾಲು ಒಂದು ಸೆಂಟ್) ಇಳಿಸಿ, ನಡುಕ ನಿಲ್ಲುತ್ತದೆ. ಇಲ್ಲವಾದರೆ ಗಾಂಧಾರದ ಮೇಲೆ ದೀರ್ಘ ನಿಲುಗಡೆ ಮಾಡಬೇಡಿ.

ಯಂತ್ರಗಳನ್ನು ಒಟ್ಟಿಗೆ ಓಡಿಸುವುದು ಈಗ ಸುಲಭ. 1982ರಲ್ಲಿ ಮಿಡಿ (ವಾದ್ಯಯಂತ್ರಗಳು ಪರಸ್ಪರ ಮಾತಾಡಿಕೊಳ್ಳುವ ಸಂಕೇತಭಾಷೆ) ಇರಲಿಲ್ಲ, ಅದು ಬಂದದ್ದು 1983ರಲ್ಲಿ. ಅಲ್ಲಿಯವರೆಗೆ ಐದು ಕಡ್ಡಿಯ ಡಿನ್ ಸಿಂಕ್ ಕೇಬಲ್: 808 ಒಂದು ಬೀಟಿಗೆ 24 ಮಿಡಿತ ಕಳಿಸುತ್ತದೆ, 303 ಅದನ್ನು ಎಣಿಸುತ್ತ ಹೋಗುತ್ತದೆ. ಮಿಡಿ ಕೇಬಲ್ಲಿಗೂ ಅದೇ ಆಕಾರದ ಐದು ಕಡ್ಡಿ. ಅದನ್ನು ಸಿಂಕ್ ತೂತಿಗೆ ಹಾಕಿ ‘ಓಡುತ್ತಿಲ್ಲ’ ಎಂದು ಗೋಳಾಡಬೇಡಿ, ಎರಡರ ಭಾಷೆ ಬೇರೆ.

128ರಲ್ಲಿ 16 ಮನೆ ಮುಗಿಯಲು 1.875 ಸೆಕೆಂಡು. ಐದು ನಿಮಿಷಕ್ಕೆ 160 ಆವರ್ತ. ಒಂದೇ ಸಾಲು 160 ಸಲ! ಬೇಸರವಾಗದಂತೆ ಏನು ಮಾಡಬೇಕು ಅಂದರೆ, ಸಾಲನ್ನು ಬದಲಿಸಬಾರದು. ಅದು ತಂಬೂರಿಯ ಸ್ಥಾನದಲ್ಲಿದೆ. ಬದಲಾಗಬೇಕಾದದ್ದು ದೀಪ. ಮೊದಲ 30 ಆವರ್ತ ‘ಪ’ ಗುರುತಿನಲ್ಲಿ, ಕೀಬೋರ್ಡಿನ ಆಲಾಪದಂಥದ್ದು ಕೆಳ ಸ್ಥಾಯಿಯಲ್ಲಿ ಓಡಾಡುವಾಗ. ಆಲಾಪ ಗಾಂಧಾರಕ್ಕೆ ಬಂದಾಗ ನಾಬು ಗ ಗುರುತಿಗೆ, ಮೇಲಿನ ಷಡ್ಜ ಮುಟ್ಟಿದಾಗ 1047ಕ್ಕೆ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹೋಗಲು ಕನಿಷ್ಠ ಎಂಟು ಆವರ್ತ ತೆಗೆದುಕೊಳ್ಳಿ. ಅವಸರಪಟ್ಟರೆ ರಾಗ ಹೋಗಿ ಬರೀ ‘ವಾವ್ ವಾವ್’ ಉಳಿಯುತ್ತದೆ. ಎಡಗೈ ನಾಬಿನ ಮೇಲೆ, ಬಲಗೈ ಕೀಬೋರ್ಡಿನ ಮನೆಗಳ ಮೇಲೆ. ಹಾರ್ಮೋನಿಯಂನವರಿಗೆ ತಿದಿ ಒತ್ತಿ ಅಭ್ಯಾಸ ಇರುವುದರಿಂದ ಇದು ಬೇಗ ಕೈಗೆ ಕೂರುತ್ತದೆ.

ಮಲೆನಾಡಿನ ತೇವದ ಮಾತು. ಎಲ್‌ಪಿಯನ್ನೇ ಕೊಳ್ಳುವವರು ಒಳಗಿನ ಕಾಗದದ ಲಕೋಟೆಯನ್ನು ತೆಗೆದು ಪಾಲಿಥೀನ್ ಲಕೋಟೆ ಹಾಕಿ. ಕಾಗದ ತೇವ ಹೀರಿ ಒಂದೇ ಮಳೆಗಾಲದಲ್ಲಿ ಗೆರೆಗಳ ನಡುವೆ ಬೂಷ್ಟು ಹಿಡಿಸುತ್ತದೆ, ಅದೇ ಚಟಪಟ ಸದ್ದು. ನೆಟ್ಟಗೆ ನಿಲ್ಲಿಸಿಡಿ, ಹೊರಗೋಡೆಗೆ ಒರಗಿಸಬೇಡಿ. ಬೂಷ್ಟು ಬಂದಿದ್ದರೆ 800 ಮಿಲಿ ಡಿಸ್ಟಿಲ್ಡ್ ವಾಟರ್, 200 ಮಿಲಿ ಐಸೊಪ್ರೊಪೈಲ್ ಆಲ್ಕೊಹಾಲ್, ಪಾತ್ರೆ ತೊಳೆಯುವ ದ್ರವ ಎರಡು ಹನಿ ಬೆರೆಸಿ, ಗೆರೆಯ ದಿಕ್ಕಿನಲ್ಲೇ ಮೆತ್ತನೆಯ ಬಟ್ಟೆಯಿಂದ ಒರೆಸಿ, ಬರೀ ನೀರಿನಲ್ಲಿ ಇನ್ನೊಮ್ಮೆ ಒರೆಸಿ. ಅಟ್ಟದ ಮೇಲಿನ ಹಳೆಯ 78ರ ಪ್ಲೇಟುಗಳಿಗೆ ಮಾತ್ರ ಇದನ್ನು ಮುಟ್ಟಿಸಬೇಡಿ. ಅವು ಅರಗಿನವು, ಆಲ್ಕೊಹಾಲ್ ತಾಗಿದರೆ ಕರಗುತ್ತವೆ.

ಮೊಬೈಲ್ ಸ್ಪೀಕರಿನಲ್ಲಿ ಕಿಕ್ಕಿನ ಬಾಲ ಕೇಳುವುದೇ ಇಲ್ಲ, ಹಾಗಾಗಿ ಮೇಲಿನ ಅರ್ಧ ಮಾತು ನಿಮಗೆ ಸುಳ್ಳೆನ್ನಿಸಬಹುದು. ಹೆಡ್‌ಫೋನ್ ಹಾಕಿ. ಮತ್ತೆ, ಜುಲೈನಲ್ಲಿ ಶೀಟಿನ ಮಾಡಿನ ಕೆಳಗೆ ಕೂತು ಮೇಘ ಮಲ್ಹಾರ್ ಕೇಳಬೇಕೆಂಬ ಆಸೆ ಎಲ್ಲರಿಗೂ ಬರುತ್ತದೆ, ಕೇಳಿ. ಆದರೆ ಅಲ್ಲಿ ಕೂತು ಮಿಕ್ಸ್ ಮಾಡಬೇಡಿ. ಶೀಟಿನ ಮೇಲಿನ ಮಳೆ ಮತ್ತು 808ರ ಹೈ-ಹ್ಯಾಟ್ ಒಂದೇ ಎತ್ತರದ ಸದ್ದು. ಮಳೆಯನ್ನು ಗೆಲ್ಲಲು ಹೈ-ಹ್ಯಾಟ್ ಏರಿಸುತ್ತ ಹೋಗಿರುತ್ತೀರಿ, ಮಳೆ ನಿಂತ ಮೇಲೆ ಹಾಕಿದರೆ ಕಿವಿಗೆ ಸೂಜಿ ಚುಚ್ಚಿದ ಹಾಗಾಗುತ್ತದೆ.